ಸಿಡಿಲು ಬಡಿದು ಬದುಕುಳಿದ ಮಗು: ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಏನು ಮಾಡಬೇಕು?

ಕಪಾಟಿನ ಬಾಗಿಲು ತೆರೆದು ಸುಮ್ನೆ ನಿಂತಿದ್ದ. ಒಂದು ಕೈ ಇನ್ನೂ ಹಿಡಿಕೆಯ ಮೇಲೇ ಇತ್ತು. ನಾನು ಹತ್ತಿರ ಹೋದಾಗ ತಿರುಗಿ ನೋಡಿ, "ಚಿಕ್ಕಮ್ಮಾ, ನಾನು ಏನು ತಗೊಳ್ಳೋಕೆ ಬಂದೆ?" ಅಂತ ಕೇಳಿದ. ಸಾಕ್ಸ್ ತೆಗೆದುಕೊಳ್ಳಲು ಬಂದಿದ್ದ. ಒಂದು ಬರಿಗಾಲಿಗೆ ಆಗಲೇ ಶೂ ಏರಿಸಿಕೊಂಡಿದ್ದ, ಇನ್ನೊಂದು ಶೂ ಕಂಕುಳಲ್ಲಿತ್ತು.

ಅವನು ನನ್ನ ಅಕ್ಕನ ಮಗ. ಆಗ ಹತ್ತು ವರ್ಷ. ಅವನು ಆಡುತ್ತಿದ್ದ ಮೈದಾನದ ಅಂಚಿನ ಮರಕ್ಕೆ ಸಿಡಿಲು ಬಡಿದು ಐದು ವಾರ ಆಗಿತ್ತು. ಆಸ್ಪತ್ರೆಯಲ್ಲಿ ಇದ್ದದ್ದು ಮೂರೇ ದಿನ. ಸ್ಕ್ಯಾನ್ ಚೆನ್ನಾಗಿದೆ, ಹೃದಯ ಚೆನ್ನಾಗಿದೆ, ಮನೆಗೆ ಕರೆದುಕೊಂಡು ಹೋಗಿ ಅಂದರು. ಗಂಡಾಂತರ ಕಳೆಯಿತು ಅಂದುಕೊಂಡೆವು. ಕಷ್ಟದ ಕೆಲಸ ಶುರುವಾದದ್ದು ಆಮೇಲೆ.

ಸಿಡಿಲಿಗೆ ಸಿಕ್ಕವರಲ್ಲಿ ಸುಮಾರು 10ರಲ್ಲಿ 9 ಮಂದಿ ಬದುಕುತ್ತಾರೆ. ಆದರೆ ಬದುಕಿದವರಲ್ಲಿ ಬಹಳ ಜನರಿಗೆ ಏನಾದರೊಂದು ತೊಂದರೆ ತಿಂಗಳುಗಟ್ಟಲೆ ಉಳಿಯುತ್ತದೆ, ಕೆಲವರಿಗೆ ವರ್ಷಗಟ್ಟಲೆ. ತಲೆನೋವು, ಮರೆವು, ನಿದ್ದೆಗೇಡು, ವಿಪರೀತ ಸುಸ್ತು, ಕೈಕಾಲು ಜುಮುಜುಮು, ಕಿವಿಯಲ್ಲಿ ಗುಂಯ್ ಅನ್ನುವ ಸದ್ದು, ಕಾರಣವಿಲ್ಲದ ಸಿಟ್ಟು. ಮಕ್ಕಳಿಗೆ ಇದನ್ನೆಲ್ಲ ಹೇಳಿಕೊಳ್ಳಲು ಬರುವುದಿಲ್ಲ. ನೋಡುವವರಿಗೆ ಸೋಮಾರಿತನ, ಹಟ, ಓದಿನ ಕಳ್ಳತನದ ಹಾಗೆ ಕಾಣುತ್ತದೆ. ನಾವೂ ಮೊದಲ ಒಂದು ತಿಂಗಳು ಹಾಗೇ ತಿಳಿದು ಅವನನ್ನು ಗದರಿದೆವು. ನಿಮ್ಮ ಮನೆಯಲ್ಲಿ ಹಾಗಾಗದಿರಲಿ ಎಂದೇ ಇದನ್ನು ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಔಷಧಿ, ಪರೀಕ್ಷೆಗಳ ತೀರ್ಮಾನ ನಿಮ್ಮ ಮಗುವನ್ನು ನೋಡುವ ಡಾಕ್ಟರದ್ದೇ. ದಿನವಿಡೀ ಮಗುವಿನ ಜೊತೆ ಇರುವವರು ಮಾಡಬಹುದಾದ ಕೆಲಸ ಇಲ್ಲಿದೆ.

ಎಲ್ಲಕ್ಕಿಂತ ಮೊದಲು: ಕಾಯಬಾರದ ಲಕ್ಷಣಗಳು

ಮಗು ಪ್ರಜ್ಞೆ ತಪ್ಪಿ ಬಿದ್ದರೆ, ಫಿಟ್ಸ್ ಬಂದರೆ, ಎದೆ ನೋವು ಅಂದರೆ, ಉಸಿರಾಡಲು ಕಷ್ಟಪಟ್ಟರೆ ತಕ್ಷಣ ಆಸ್ಪತ್ರೆಗೆ ಹೋಗಿ. ತಲೆನೋವು ಜಾಸ್ತಿಯಾಗುತ್ತಾ ಪದೇ ಪದೇ ವಾಂತಿಯಾದರೆ, ಮಾತು ತೊದಲಿದರೆ, ಒಂದು ಕಡೆಯ ಕೈಕಾಲು ಸೋತರೆ, ಮಂಪರು ಕವಿದು ಎಬ್ಬಿಸಿದರೂ ಏಳದಿದ್ದರೆ ಕೂಡ ಹಾಗೇ. ಮೊದಲ ಕೆಲವು ದಿನಗಳಲ್ಲಿ ಮೂತ್ರ ಕಂದು ಬಣ್ಣಕ್ಕೆ ತಿರುಗಿದರೆ, ಕಿವಿಯಿಂದಲೋ ಮೂಗಿನಿಂದಲೋ ನೀರಿನಂಥ ದ್ರವ ಸೋರಿದರೆ ತಡ ಮಾಡಬೇಡಿ. ತಿಂಗಳುಗಳ ನಂತರವೇ ಆಗಲಿ, "ನಾನು ಇರಲೇಬಾರದಿತ್ತು" ಅನ್ನುವಂಥ ಮಾತು ಮಗುವಿನ ಬಾಯಲ್ಲಿ ಬಂದರೆ ಅದನ್ನೂ ಇದೇ ಸಾಲಿಗೆ ಸೇರಿಸಿ.

ಸಿಡಿಲು ಬಡಿದಾಗ ಮಗು ಎದ್ದು ಓಡಾಡಿತು, ಹಾಗಾಗಿ ಡಾಕ್ಟರ ಹತ್ತಿರ ಹೋಗಲೇ ಇಲ್ಲ ಅನ್ನುವವರೂ ಇದ್ದಾರೆ. ವಾರಗಳೇ ಕಳೆದಿದ್ದರೂ ಈಗ ಹೋಗಿ. ಒಂದು ಇಸಿಜಿ ಆದರೂ ಆಗಲೇಬೇಕು.

ಹೆಜ್ಜೆ 1: "ರಿಪೋರ್ಟ್ ನಾರ್ಮಲ್" ಅಂದರೆ ಏನು ಅಂತ ತಿಳಿದುಕೊಳ್ಳಿ

ಸಿಡಿಲಿನ ಕರೆಂಟು ಮೈ ಮೇಲೆ ಇರುವುದು ಸೆಕೆಂಡಿನ ಸಾವಿರದ ಕೆಲವು ಭಾಗದಷ್ಟು ಹೊತ್ತು ಮಾತ್ರ. ಅದರಲ್ಲಿ ಬಹುಪಾಲು ಚರ್ಮದ ಮೇಲೇ ಜಾರಿ ಹೋಗುತ್ತದೆ. ಮನೆಯ ವೈರು ಹಿಡಿದಾಗ ಆಗುವಂಥ ಆಳವಾದ ಸುಟ್ಟಗಾಯ ಸಿಡಿಲಿನಲ್ಲಿ ಕಡಿಮೆ ಇರುವುದು ಇದಕ್ಕೇ. ಕೆಲವರ ಮೈಮೇಲೆ ಜರಿಗಿಡದ ಎಲೆಯಂಥ ಕೆಂಪು ಗೀರುಗಳು ಮೂಡುತ್ತವೆ. ನೋಡಿದರೆ ಎದೆ ಝಲ್ ಅನ್ನುತ್ತದೆ. ಆದರೆ ಅವು ಸುಟ್ಟಗಾಯಗಳಲ್ಲ, ಒಂದೆರಡು ದಿನದಲ್ಲಿ ತಾವಾಗೇ ಮಾಯವಾಗುತ್ತವೆ. ಬಡಿದ ತಕ್ಷಣ ಕಾಲು ತಣ್ಣಗಾಗಿ, ನೀಲಿಗಟ್ಟಿ, ಅಲ್ಲಾಡಿಸಲು ಆಗದೆ ಹೋಗುವುದೂ ಉಂಟು. ಸಾಮಾನ್ಯವಾಗಿ ಅದೂ ಕೆಲವು ಗಂಟೆಗಳಲ್ಲಿ ಸರಿಹೋಗುತ್ತದೆ.

ಹಾಗಾದರೆ ಉಳಿಯುವ ಪೆಟ್ಟು ಎಲ್ಲಿ? ಹೆಚ್ಚಾಗಿ ನರಗಳಲ್ಲಿ ಮತ್ತು ಮೆದುಳಿನ ಕೆಲಸದಲ್ಲಿ. ನೀರಿಗೆ ಬಿದ್ದು ಒಣಗಿದ ಮೊಬೈಲ್ ನೆನಪಿಸಿಕೊಳ್ಳಿ. ಹೊರಗೆ ಒಂದು ಗೀರೂ ಇರುವುದಿಲ್ಲ, ಪರದೆಯೂ ಹೊತ್ತಿಕೊಳ್ಳುತ್ತದೆ. ಬಳಸಲು ಹೊರಟರೆ ಹ್ಯಾಂಗ್ ಆಗುತ್ತದೆ, ಚಾರ್ಜ್ ನಿಲ್ಲುವುದಿಲ್ಲ. ಸಿ.ಟಿ., ಎಂ.ಆರ್.ಐ. ಸ್ಕ್ಯಾನು ಮೆದುಳಿನ ಆಕಾರ ತೋರಿಸುತ್ತದೆ. ಪಾಠ ಕೇಳುತ್ತಾ ಬರೆದುಕೊಳ್ಳಲು ಅದಕ್ಕೆ ಎಷ್ಟು ಕಷ್ಟವಾಗುತ್ತಿದೆ ಅನ್ನುವುದನ್ನು ಸ್ಕ್ಯಾನು ಹೇಳುವುದಿಲ್ಲ. ನರಗಳ ಪರೀಕ್ಷೆಯೂ ಹೀಗೇ. ದಪ್ಪ ನರಗಳನ್ನು ಅದು ಅಳೆಯುತ್ತದೆ. ಉರಿ, ಚುಚ್ಚುವಿಕೆ ಹೊತ್ತು ತರುವ ಸಣ್ಣ ನರಗಳಿಗೆ ಪೆಟ್ಟಾಗಿದ್ದರೆ ರಿಪೋರ್ಟಿನಲ್ಲಿ ಕಾಣದೇ ಇರಬಹುದು.

ಇನ್ನೊಂದು ಮಾತು ನಮಗೆ ಪದೇ ಪದೇ ಕೇಳಿಬಂತು. "ನೇರವಾಗಿ ಬಡಿದಿಲ್ಲವಲ್ಲ, ಮರಕ್ಕೆ ತಾನೇ ಬಡಿದದ್ದು?" ಸಿಡಿಲು ನೇರವಾಗಿ ಮನುಷ್ಯರ ಮೇಲೆ ಬೀಳುವುದೇ ಅಪರೂಪ. ಹೆಚ್ಚಿನವರಿಗೆ ಪೆಟ್ಟಾಗುವುದು ಮರದಿಂದಲೋ ಕಂಬದಿಂದಲೋ ಪಕ್ಕಕ್ಕೆ ಹಾರಿದ ಕರೆಂಟಿನಿಂದ, ಇಲ್ಲವೇ ನೆಲದಲ್ಲಿ ಹರಡಿ ಕಾಲಿನ ಮೂಲಕ ಹತ್ತಿದ ಕರೆಂಟಿನಿಂದ. ಆ ಪೆಟ್ಟೂ ಪೆಟ್ಟೇ.

ಒಬ್ಬ ಡಾಕ್ಟರು ಫೈಲ್ ಮುಚ್ಚಿ, "ಎಲ್ಲ ನಾರ್ಮಲ್ ಇದೆ, ಮುದ್ದು ಜಾಸ್ತಿಯಾಗಿದೆ ಅಷ್ಟೇ" ಅಂದರು. ಪಕ್ಕದಲ್ಲೇ ಕೂತಿದ್ದ ಹುಡುಗ ತಲೆ ತಗ್ಗಿಸಿದ. ಅವತ್ತಿನಿಂದ ಅವನು ತಲೆನೋವಿನ ವಿಷಯ ಹೇಳುವುದನ್ನೇ ಬಿಟ್ಟ. ಬಾಯಿ ಬಿಡಿಸಲು ಎರಡು ವಾರ ಹಿಡಿಯಿತು. ಹಾಗಾಗಿ ನನ್ನ ಮೊದಲ ಕೋರಿಕೆ ಇದು: ಮಗು ಹೇಳಿದ್ದನ್ನು ನಂಬಿ. ನಂಬಿದ್ದೇವೆ ಅಂತ ಅದಕ್ಕೆ ಕೇಳಿಸುವ ಹಾಗೆ ಹೇಳಿ. "ನಿನಗೆ ಆಗ್ತಿರೋದು ನಿಜ. ಹೊರಗೆ ಕಾಣೋಲ್ಲ ಅಷ್ಟೇ."

ಹೆಜ್ಜೆ 2: ಒಂದು ನೋಟ್‌ಬುಕ್ ಇಡಿ

ಇದು ಸಣ್ಣ ಕೆಲಸ, ಆದರೆ ನಮಗೆ ಎಲ್ಲಕ್ಕಿಂತ ಜಾಸ್ತಿ ನೆರವಾದದ್ದು ಇದೇ. ದಿನಕ್ಕೆ ನಾಲ್ಕೈದು ಸಾಲು ಸಾಕು. ಎಷ್ಟು ಹೊತ್ತು ಮಲಗಿತು, ನಡುವೆ ಎಷ್ಟು ಸಲ ಎಚ್ಚರವಾಯಿತು. ನೋವು ಎಲ್ಲಿ, ಎಷ್ಟು ಹೊತ್ತಿಗೆ, ಅದಕ್ಕೆ ಮೊದಲು ಏನು ಮಾಡುತ್ತಿತ್ತು. ಏನು ಮರೆಯಿತು. ಯಾವಾಗ ಅತ್ತಿತು, ಯಾವಾಗ ರೇಗಿತು. ಯಾವ ಔಷಧಿ, ಎಷ್ಟು.

ನಮ್ಮ ನೋಟ್‌ಬುಕ್ಕಿನ ಒಂದು ದಿನ ಹೀಗಿತ್ತು: "ರಾತ್ರಿ 2 ಸಲ ಎದ್ದ. ಬೆಳಿಗ್ಗೆ ಚೆನ್ನಾಗಿದ್ದ. 11ಕ್ಕೆ 20 ನಿಮಿಷ ಓದಿದ, ಒಂದೇ ಸಾಲಿನ ಮೇಲೆ ಬೆರಳಿಟ್ಟು ನಾಲ್ಕು ಸಲ ಓದಿದ. ತಲೆನೋವು, ಹಣೆ. ಮಿಕ್ಸಿ ಸದ್ದಿಗೆ ಕಿವಿ ಮುಚ್ಚಿಕೊಂಡ. ಸಂಜೆ ತಂಗಿಗೆ ಹೊಡೆದ, ಆಮೇಲೆ ತಾನೇ ಅತ್ತ."

ಮೂರು ವಾರ ಬರೆದ ಮೇಲೆ ತಿರುವಿ ನೋಡಿದರೆ ನಮಗೇ ದಾರಿ ಕಂಡಿತು. ಕೆಟ್ಟ ಸಂಜೆಗಳೆಲ್ಲ ಬೆಳಿಗ್ಗೆ ಓದು ಜಾಸ್ತಿಯಾದ ದಿನಗಳದ್ದೇ. ಡಾಕ್ಟರ ಮುಂದೆ "ಯಾಕೋ ಸರಿಯಿಲ್ಲ" ಅನ್ನುವ ಬದಲು ತೆರೆದ ಪುಟ ಇಟ್ಟಾಗ ಮಾತುಕತೆಯೇ ಬೇರೆಯಾಯಿತು. ಒಂದು ಎಚ್ಚರಿಕೆ: ಮಗುವಿನ ಎದುರಿಗೇ ಗಂಟೆಗಂಟೆಗೂ "ಈಗ ನೋವಿದೆಯಾ?" ಅಂತ ಕೇಳಬೇಡಿ. ದಿನಕ್ಕೊಮ್ಮೆ, ಮಲಗುವ ಮುಂಚೆ ಕೇಳಿದರೆ ಸಾಕು. ಉಳಿದದ್ದನ್ನು ನೋಡಿ ಬರೆದುಕೊಳ್ಳಿ.

ಹೆಜ್ಜೆ 3: ಕಿವಿ, ಹೃದಯ ಮರೆಯಬೇಡಿ

ಸಿಡಿಲಿನ ಸದ್ದಿನ ಹೊಡೆತಕ್ಕೆ ಕಿವಿಯ ತಮಟೆ ಹರಿಯುವುದು ತುಂಬಾ ಸಾಮಾನ್ಯ. ಸಣ್ಣ ತೂತಾದರೆ ಹೆಚ್ಚಾಗಿ ತಾನಾಗೇ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಕಿವಿಗೆ ನೀರು ಹೋಗಬಾರದು. ಸ್ನಾನ ಮಾಡಿಸುವಾಗ ಹತ್ತಿಗೆ ವ್ಯಾಸಲೀನ್ ಸವರಿ ಕಿವಿಯ ಬಾಯಿಗೆ ಇಡಿ. ಈಜು ಬೇಡ. ಎಣ್ಣೆಯಾಗಲಿ, ಮನೆಯಲ್ಲಿದ್ದ ಹಳೆಯ ಡ್ರಾಪ್ಸ್ ಆಗಲಿ ಹಾಕಲೇಬೇಡಿ. ಗಾಯ ಮಾಗಿದ ಮೇಲೆ ಕೇಳುವ ಪರೀಕ್ಷೆ ಮಾಡಿಸಿ. ಕರೆದರೆ ಓಗೊಡದ ಮಗು ಹಟ ಮಾಡುತ್ತಿರಲಿಕ್ಕಿಲ್ಲ, ನಿಜಕ್ಕೂ ಕೇಳಿಸದೆ ಕೂತಿರಬಹುದು. ತಲೆಸುತ್ತು, ಗುಂಯ್‌ಗುಡುವಿಕೆ ಇದ್ದರೂ ಕಿವಿಯ ಡಾಕ್ಟರಿಗೆ ಹೇಳಿ.

ಮೊದಲ ಇಸಿಜಿಯಲ್ಲಿ ಏರುಪೇರು ಇದ್ದರೆ ಮತ್ತೆ ಯಾವಾಗ ಮಾಡಿಸಬೇಕು, ಅಲ್ಲಿಯವರೆಗೆ ಓಟ, ಆಟ ಬೇಡವೇ ಅಂತ ಕೇಳಿ ಬರೆದುಕೊಳ್ಳಿ. ಎದ್ದು ನಿಂತ ಕೂಡಲೇ ಕಣ್ಣು ಕತ್ತಲೆ ಬರುವುದು, ಎದೆ ಡವಡವ ಅನ್ನುವುದು ಕೆಲವು ಮಕ್ಕಳಿಗೆ ಬಹಳ ದಿನ ಇರುತ್ತದೆ. ಬಿ.ಪಿ.ಯನ್ನು ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ನೋಡಲು ಡಾಕ್ಟರಿಗೆ ನೆನಪಿಸಿ. ಮನೆಯಲ್ಲಿ, ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಆಮೇಲೆ ಏಳುವ ಅಭ್ಯಾಸ ಮಾಡಿಸಿ. ನೀರು ಚೆನ್ನಾಗಿ ಕುಡಿಯಲಿ.

ಹೆಜ್ಜೆ 4: ಸುಸ್ತನ್ನು ಗೌರವಿಸಿ

ಇದು ಆಟವಾಡಿ ದಣಿದ ಸುಸ್ತಿನ ಹಾಗಲ್ಲ. ಅರ್ಧ ಗಂಟೆ ಲೆಕ್ಕ ಮಾಡಿದ ಹುಡುಗ ನೆಲದ ಮೇಲೆ ಬ್ಯಾಗಿಗೆ ತಲೆಯಿಟ್ಟು ಹಾಗೇ ನಿದ್ದೆ ಹೋಗುತ್ತಿದ್ದ. ಮೊದಲು ಯೋಚನೆಯೇ ಇಲ್ಲದೆ ಆಗುತ್ತಿದ್ದ ಕೆಲಸಗಳಿಗೂ ಈಗ ಮೆದುಳು ಪೂರ್ತಿ ಗಮನ ಕೊಡಬೇಕು. ಅದಕ್ಕೇ ಬೇಗ ಬರಿದಾಗುತ್ತದೆ.

ಎಲ್ಲರೂ ಬೀಳುವ ಹಳ್ಳ ಒಂದಿದೆ. ಒಂದು ದಿನ ಮಗು ಗೆಲುವಾಗಿ ಏಳುತ್ತದೆ. ನಮಗೂ ಖುಷಿ, ಅದಕ್ಕೂ ಖುಷಿ. ಬಾಕಿಯಿದ್ದ ಓದು, ಆಟ, ನೆಂಟರು ಎಲ್ಲ ಅವತ್ತೇ. ಮಾರನೇ ದಿನ, ಅದರ ಮಾರನೇ ದಿನ ಹಾಸಿಗೆ ಬಿಟ್ಟು ಏಳುವುದಿಲ್ಲ. ಚೆನ್ನಾಗಿರುವ ದಿನವೇ ಹಿಡಿತ ಬೇಕಾಗಿರುವುದು. ಅಂದಿನ ಮಿತಿಗಿಂತ ಸ್ವಲ್ಪ ಮೊದಲೇ ನಿಲ್ಲಿಸಿ. ಮಗು 20 ನಿಮಿಷಕ್ಕೆ ಸುಸ್ತಾಗುತ್ತದೆ ಅಂತಿದ್ದರೆ 15ಕ್ಕೇ ನಿಲ್ಲಿಸಿ, 10 ನಿಮಿಷ ಬಿಡುವು ಕೊಡಿ. ಬಿಡುವು ಅಂದರೆ ಮೊಬೈಲ್ ಅಲ್ಲ, ಟಿ.ವಿ. ಅಲ್ಲ. ಮಂದ ಬೆಳಕು, ಸದ್ದಿಲ್ಲದ ಜಾಗ. ಒಂದು ವಾರ ಇದು ಸಲೀಸಾಗಿ ನಡೆದರೆ ಐದು ನಿಮಿಷ ಸೇರಿಸಿ. ಸೇರಿಸಿದ್ದು ಭಾರವಾದರೆ ಹಿಂದಕ್ಕೆ ಬನ್ನಿ. ಹಿಂದಕ್ಕೆ ಬಂದದ್ದನ್ನು ಸೋಲು ಅಂತ ಮಗುವಿಗೆ ಅನ್ನಿಸದ ಹಾಗೆ ನೋಡಿಕೊಳ್ಳಿ.

ಇದರರ್ಥ ದಿನವಿಡೀ ಮಲಗಿಸಬೇಕು ಅಂತಲ್ಲ. ಡಾಕ್ಟರ್ ಒಪ್ಪಿದ ಮೇಲೆ ದಿನಾ ಸ್ವಲ್ಪ ನಡಿಗೆ ಬೇಕೇ ಬೇಕು. ಕತ್ತಲೆ ಕೋಣೆಯಲ್ಲಿ ವಾರಗಟ್ಟಲೆ ಮಲಗಿಸಿದರೆ ಮೈಯೂ ಕುಗ್ಗುತ್ತದೆ, ಮನಸ್ಸೂ ಕುಗ್ಗುತ್ತದೆ.

ರಾತ್ರಿಯ ನಿದ್ದೆ 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ, 13ರಿಂದ 18ರವರಿಗೆ 8ರಿಂದ 10 ಗಂಟೆ ಬೇಕು. ಮಲಗುವ, ಏಳುವ ಸಮಯ ರಜೆಯಲ್ಲೂ ಒಂದೇ ಇರಲಿ. ಕೆಟ್ಟ ಕನಸಿನಿಂದ ಎದ್ದರೆ ಸಣ್ಣ ದೀಪ ಹಾಕಿ, ಹೆಸರು ಹಿಡಿದು ಕರೆದು, "ನೀನು ಮನೇಲಿದ್ದೀಯ, ನಾನು ಪಕ್ಕದಲ್ಲೇ ಇದ್ದೀನಿ" ಅನ್ನಿ. ಕನಸು ಏನು ಅಂತ ಆಗಲೇ ಕೆದಕಬೇಡಿ. ಬೆಳಿಗ್ಗೆ ತಾನಾಗಿ ಹೇಳಿದರೆ ಕೇಳಿ.

ಹೆಜ್ಜೆ 5: ನೋವಿಗೆ ಸ್ವಂತ ಔಷಧಿ ಬೇಡ

ತಲೆನೋವಿಗೆ ಪ್ಯಾರಾಸಿಟಮಾಲ್ ಕೊಡುವುದಾದರೆ ಮಗುವಿನ ತೂಕ ನೋಡಿ ಡಾಕ್ಟರ್ ಹೇಳಿದಷ್ಟೇ ಕೊಡಿ. ಆಸ್ಪಿರಿನ್ ಮಕ್ಕಳಿಗೆ ಬೇಡ. ವಾರಕ್ಕೆ ಎರಡು ಮೂರು ದಿನಕ್ಕಿಂತ ಜಾಸ್ತಿ ನೋವಿನ ಮಾತ್ರೆ ಬೇಕಾಗುತ್ತಿದೆ ಅಂದರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಿ. ಮಾತ್ರೆ ಹೆಚ್ಚಾದರೆ ಅದೇ ತಲೆನೋವು ತರುತ್ತದೆ.

ಉರಿ, ಸೂಜಿ ಚುಚ್ಚಿದ ಹಾಗೆ, ಬಟ್ಟೆ ತಾಗಿದರೂ ನೋವು, ಇವು ನರದ ನೋವು. ಮಾಮೂಲಿ ಮಾತ್ರೆಗೆ ಇವು ಬಗ್ಗುವುದಿಲ್ಲ. ಇದಕ್ಕೆ ಬೇರೆಯೇ ಔಷಧಿಗಳಿವೆ. ಸಣ್ಣ ಪ್ರಮಾಣದಲ್ಲಿ ಶುರು ಮಾಡಿ ನಿಧಾನಕ್ಕೆ ಏರಿಸುತ್ತಾರೆ. ಮೊದಲ ವಾರದಲ್ಲೇ ಗುಣ ಕಾಣಲಿಲ್ಲ ಅಂತ ಬಿಟ್ಟುಬಿಡಬೇಡಿ. ಇಸಿಜಿಯಲ್ಲಿ ಹಿಂದೆ ಏರುಪೇರು ಇತ್ತು ಅನ್ನುವುದನ್ನು ಯಾವ ಹೊಸ ಔಷಧಿ ಬರೆಯುವ ಮುಂಚೆಯೂ ಹೇಳಿ. ಕೆಲವು ಔಷಧಿಗಳು ಹೃದಯದ ಲಯದ ಮೇಲೆ ಕೆಲಸ ಮಾಡುತ್ತವೆ. ಕೈಕಾಲು ಬಿಗಿಯಾಗಿದ್ದರೆ, ಬಲ ಕಡಿಮೆಯಾಗಿದ್ದರೆ ಫಿಜಿಯೋಥೆರಪಿ ಬೇಗ ಶುರುವಾದಷ್ಟೂ ಒಳ್ಳೆಯದು.

ಹೆಜ್ಜೆ 6: ನೆನಪಿಗೆ ಊರುಗೋಲು ಕೊಡಿ

ಹಳೆಯದೆಲ್ಲ ಚೆನ್ನಾಗಿ ನೆನಪಿರುತ್ತದೆ. ಎರಡು ನಿಮಿಷದ ಹಿಂದೆ ಹೇಳಿದ್ದು ಇರುವುದಿಲ್ಲ. "ಹೋಗಿ ಕೈ ತೊಳೆದು, ಬ್ಯಾಗ್ ತಂದು, ಕನ್ನಡ ಪುಸ್ತಕ ತೆಗಿ" ಅಂದರೆ ಕೈ ತೊಳೆದು ಅಲ್ಲೇ ನಿಂತಿರುತ್ತದೆ. ಒಂದು ಸಲಕ್ಕೆ ಒಂದೇ ಮಾತು ಹೇಳಿ. ಅದು ಮುಗಿದ ಮೇಲೆ ಮುಂದಿನದು.

ನಾವು ಕಪಾಟಿನ ಬಾಗಿಲಿಗೆ ಒಂದು ಚೀಟಿ ಅಂಟಿಸಿದೆವು. ಬನಿಯನ್, ಅಂಗಿ, ಚಡ್ಡಿ, ಸಾಕ್ಸ್, ಕರ್ಚೀಫ್, ಪ್ರತಿಯೊಂದರ ಪಕ್ಕ ಅವನೇ ಬರೆದ ಚಿತ್ರ. ಸಾಕ್ಸಿನ ಚಿತ್ರ ಬಾಳೆಹಣ್ಣಿನ ಹಾಗೆ ಕಾಣುತ್ತಿತ್ತು, ಅವನಿಗೆ ಅದರ ಮೇಲೆ ಬಹಳ ಪ್ರೀತಿ. ಮೊದಲು "ನಾನೇನು ಎಲ್.ಕೆ.ಜಿ. ಮಗುನಾ?" ಅಂತ ಮುನಿಸಿಕೊಂಡಿದ್ದ. ಚೀಟಿ ನೋಡಿ ಒಬ್ಬನೇ ತಯಾರಾಗಿ ಬಂದ ದಿನ ಮುನಿಸು ಹೋಯಿತು. ವಸ್ತುಗಳಿಗೆ ಒಂದೊಂದೇ ಜಾಗ ಇರಲಿ. ಅಲಾರಂ, ಗೋಡೆಯ ವೇಳಾಪಟ್ಟಿ, ಜೇಬಿನ ಸಣ್ಣ ಪುಸ್ತಕ, ಯಾವುದಾದರೂ ಆಗಲಿ. "ಆಗಲೇ ಹೇಳಿದ್ನಲ್ಲ!" ಅನ್ನುವ ಮಾತನ್ನು ಮನೆಯಿಂದ ಪೂರ್ತಿ ತೆಗೆದುಬಿಡಿ. ಅದು ನೆನಪು ತರುವುದಿಲ್ಲ, ನಾಚಿಕೆ ತರುತ್ತದೆ.

ಸಿಡಿಲು ಬಡಿದ ಗಳಿಗೆ ನೆನಪೇ ಇಲ್ಲ ಅಂತ ಮಗು ಹೆದರಿದರೆ, ಅದು ಬಹಳ ಜನರಿಗೆ ಆಗುತ್ತದೆ ಅಂತ ತಿಳಿಸಿ. ಆ ಗಳಿಗೆಯನ್ನು ಮೆದುಳು ದಾಖಲೆ ಮಾಡಿಕೊಂಡೇ ಇರುವುದಿಲ್ಲ. ನೆನಪಿಸಿಕೋ ಅಂತ ಒತ್ತಾಯ ಬೇಡ.

ಹೆಜ್ಜೆ 7: ಗುಡುಗಿನ ಭಯ

ಮೊದಲ ಮಳೆಯ ದಿನ ಅವನು ಮಂಚದ ಕೆಳಗೆ ಹೋಗಿ ಕೂತ. ಎಷ್ಟು ಕರೆದರೂ ಬರಲಿಲ್ಲ. ಕೊನೆಗೆ ಅಕ್ಕನೂ ಕೆಳಗೆ ತೂರಿ ಪಕ್ಕದಲ್ಲಿ ಮಲಗಿದಳು. ಮಳೆ ನಿಲ್ಲುವವರೆಗೂ ಇಬ್ಬರೂ ಅಲ್ಲೇ ಇದ್ದರು. ಅವತ್ತಿಗೆ ಅದೇ ಸರಿಯಾದ ಕೆಲಸ ಅಂತ ನನಗೆ ಈಗಲೂ ಅನ್ನಿಸುತ್ತದೆ. ಎಳೆದು ಕಿಟಕಿ ಹತ್ತಿರ ನಿಲ್ಲಿಸಿ "ನೋಡು, ಏನೂ ಆಗೋಲ್ಲ" ಅನ್ನುವುದು ಭಯವನ್ನು ಇಮ್ಮಡಿ ಮಾಡುತ್ತದೆ.

ಸಣ್ಣ ಮಕ್ಕಳು ಹಿಂದಕ್ಕೆ ಜಾರುವುದುಂಟು. ಹಾಸಿಗೆ ಒದ್ದೆ ಮಾಡುವುದು, ಬೆರಳು ಚೀಪುವುದು, ಸೆರಗು ಬಿಡದಿರುವುದು. ಆಟದಲ್ಲಿ ಗೊಂಬೆಗೆ ಮತ್ತೆ ಮತ್ತೆ ಸಿಡಿಲು ಬಡಿಸುವುದೂ ಉಂಟು. ಬೈಯಬೇಡಿ, ತಡೆಯಬೇಡಿ. ಗೊಂಬೆ ಆಮೇಲೆ ಆಸ್ಪತ್ರೆಗೆ ಹೋಗಿ ಗುಣವಾಗುವ ತನಕ ಆಟ ಮುಂದುವರಿಯಲಿ ಅಂತ ಜೊತೆ ಸೇರಿ. ಒಂದು ತಿಂಗಳಾದರೂ ಕೆಟ್ಟ ಕನಸು, ಬೆಚ್ಚಿಬೀಳುವುದು, ಹೊರಗೆ ಹೋಗಲು ಒಲ್ಲೆ ಅನ್ನುವುದು ಕಡಿಮೆಯಾಗದಿದ್ದರೆ ಮಕ್ಕಳ ಮನೋವೈದ್ಯರನ್ನೋ ಮನಶ್ಶಾಸ್ತ್ರಜ್ಞರನ್ನೋ ನೋಡಿ. ಇಂಥ ಆಘಾತಕ್ಕೆ ಮಾತಿನ ಚಿಕಿತ್ಸೆ ಚೆನ್ನಾಗಿ ಕೆಲಸ ಮಾಡುತ್ತದೆ.

ಭಯ ಸ್ವಲ್ಪ ಸಡಿಲವಾದ ಮೇಲೆ ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸಬಹುದು. ಮೊದಲು ಮೋಡದ ಚಿತ್ರ ಬರೆಯುವುದು. ಆಮೇಲೆ ಮೋಡ ಕವಿದ ದಿನ ಕಿಟಕಿಯಿಂದ ದೂರ ಕೂತು ನೋಡುವುದು. ಆಮೇಲೆ ಮೊಬೈಲಿನಲ್ಲಿ ಗುಡುಗಿನ ಸದ್ದನ್ನು ಅತಿ ಸಣ್ಣಗೆ ಹಾಕಿ ಕೇಳುವುದು. ಇಲ್ಲಿ ಮುಖ್ಯವಾದದ್ದು, ಮೊಬೈಲ್ ಮಗುವಿನ ಕೈಯಲ್ಲಿರಬೇಕು. ಜೋರು ಮಾಡುವುದು, ನಿಲ್ಲಿಸುವುದು ಅದರ ಇಷ್ಟ. ನಮ್ಮವನು ಮೊದಲ ದಿನ ಎರಡು ಸೆಕೆಂಡಿಗೆ ನಿಲ್ಲಿಸಿದ. ಹನ್ನೊಂದನೇ ದಿನ ಪೂರ್ತಿ ಕೇಳಿ, "ಇದು ಬರೀ ಡಬ್ಬ ಉರುಳಿಸಿದ ಹಾಗಿದೆ" ಅಂದ.

ನಿಜವಾದ ಗುಡುಗು ಬಂದಾಗ, ಮನೆಯೊಳಗೆ ಕೂತು, ಮಿಂಚು ಕಂಡ ತಕ್ಷಣ ಜೊತೆಯಾಗಿ ಎಣಿಸಿ. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡ್ ಬೇಕು. ಒಂಬತ್ತರವರೆಗೆ ಎಣಿಸಿದಾಗ ಗುಡುಗಿದರೆ ಮಿಂಚು ಮೂರು ಕಿಲೋಮೀಟರ್ ದೂರದಲ್ಲಿದೆ. ಎಣಿಸುವುದರಿಂದ ಗಮನ ಭಯದಿಂದ ಲೆಕ್ಕಕ್ಕೆ ಹೋಗುತ್ತದೆ. ನೆನಪಿರಲಿ, ಈ ಎಣಿಕೆ ಒಳಗೆ ಕೂತವರಿಗೆ. ಹೊರಗಿದ್ದಾಗ ಗುಡುಗು ಕೇಳಿಸಿತು ಅಂದರೆ ಸಿಡಿಲು ಬಡಿಯುವಷ್ಟು ಹತ್ತಿರದಲ್ಲಿದೆ ಅಂತಲೇ ಅರ್ಥ, ಎಣಿಸುತ್ತಾ ನಿಲ್ಲಬಾರದು.

"ನನಗೆ ಇನ್ನೊಂದು ಸಲ ಬಡಿಯುತ್ತಾ?" ಅಂತ ಮಗು ಕೇಳಿಯೇ ಕೇಳುತ್ತದೆ. ಒಮ್ಮೆ ಬಡಿದವರಿಗೆ ಮತ್ತೆ ಬಡಿಯುವುದಿಲ್ಲ ಅಂತ ಹೇಳಬೇಡಿ, ಅದು ಸುಳ್ಳು. ಮಕ್ಕಳಿಗೆ ಸುಳ್ಳು ಗೊತ್ತಾಗುತ್ತದೆ. "ತುಂಬಾ ಅಪರೂಪ. ಅಲ್ಲದೆ ಈಗ ಏನು ಮಾಡಬೇಕು ಅಂತ ನಮಗೆ ಗೊತ್ತಿದೆ" ಅನ್ನಿ. ಏನು ಮಾಡಬೇಕು ಅನ್ನುವುದನ್ನು ಮಗುವಿನ ಬಾಯಲ್ಲೇ ಹೇಳಿಸಿ. ಗುಡುಗಿದರೆ ಗಟ್ಟಿ ಕಟ್ಟಡದ ಒಳಗೆ ಅಥವಾ ಗಾಜು ಏರಿಸಿದ ಕಾರಿನೊಳಗೆ. ಮರದ ಕೆಳಗೆ ಇಲ್ಲ. ಒಳಗೆ ಇದ್ದಾಗ ನಲ್ಲಿ, ವೈರಿರುವ ಫೋನು ಮುಟ್ಟುವುದಿಲ್ಲ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಹೋಗುವುದಿಲ್ಲ. ನಿಯಮ ತನ್ನ ಕೈಯಲ್ಲಿದೆ ಅಂದಾಗ ಭಯಕ್ಕೆ ಒಂದು ಅಳತೆ ಬರುತ್ತದೆ.

ಸಿಟ್ಟಿನ ಬಗ್ಗೆ ಒಂದು ಮಾತು. ಶಾಂತವಾಗಿದ್ದ ಮಗು ಸಣ್ಣದಕ್ಕೆಲ್ಲ ಕಿರುಚುತ್ತದೆ, ವಸ್ತು ಎಸೆಯುತ್ತದೆ. ಆ ಹೊತ್ತಿನಲ್ಲಿ ಬುದ್ಧಿಮಾತು ಒಳಗೆ ಹೋಗುವುದಿಲ್ಲ. ಸದ್ದು, ಬೆಳಕು, ಜನ ಕಡಿಮೆ ಮಾಡಿ. ಹತ್ತು ನಿಮಿಷ ಬಿಟ್ಟು ಮಾತಾಡಿ. ಹೊಡೆಯುವುದು ತಪ್ಪು ಅನ್ನುವ ನಿಯಮ ಇರಲಿ, ಆದರೆ ಮಗು ಕೆಟ್ಟದ್ದು ಅನ್ನುವ ಮಾತು ಬರಬಾರದು. ಮನೆಯ ಇನ್ನೊಂದು ಮಗುವಿಗೂ ವಿಷಯ ತಿಳಿಸಿ, ಅದಕ್ಕಾಗಿಯೇ ದಿನಕ್ಕೆ ಅರ್ಧ ಗಂಟೆ ಎತ್ತಿಡಿ. ಒಂದೇ ಸಿಡಿಲಿಗೆ ಜೊತೆಯಲ್ಲಿದ್ದ ಗೆಳೆಯ ತೀರಿಹೋಗಿದ್ದರೆ, "ನಾನು ಮಾತ್ರ ಯಾಕೆ ಉಳಿದೆ" ಅನ್ನುವ ಭಾರ ಸಣ್ಣ ಮಗುವಿನಲ್ಲೂ ಇರಬಹುದು. ಆಗ ಸಹಾಯಕ್ಕೆ ಒಂದು ತಿಂಗಳು ಕಾಯಬೇಡಿ.

ಹೆಜ್ಜೆ 8: ಶಾಲೆಗೆ ಮರಳುವುದು

ಒಂದೇ ಸಲ ಇಡೀ ದಿನ ಬೇಡ. ಮೊದಲು ಒಂದೆರಡು ಪೀರಿಯಡ್, ಅದೂ ಬೆಳಗಿನ ಹೊತ್ತು. ಆಮೇಲೆ ಅರ್ಧ ದಿನ. ಆಮೇಲೆ ವಾರದ ಮಧ್ಯೆ ಒಂದು ದಿನ ಬಿಡುವಿಟ್ಟು ಪೂರ್ತಿ ದಿನ. ಇಷ್ಟಕ್ಕೆ ಕೆಲವರಿಗೆ ಎರಡು ವಾರ ಸಾಕು, ಕೆಲವರಿಗೆ ಒಂದು ವರ್ಷವೇ ಬೇಕು.

ಬಾಯಿಮಾತಿಗಿಂತ ಒಂದು ಪತ್ರ ಬರೆದುಕೊಡಿ, ಡಾಕ್ಟರ ಚೀಟಿ ಜೊತೆಗೆ. ಅಕ್ಕ ಬರೆದದ್ದು ಹೀಗಿತ್ತು: "ಮೇಡಂ, ನಮ್ಮ ಮಗನಿಗೆ ಸಿಡಿಲಿನ ಪೆಟ್ಟಿನಿಂದ ಗಮನ, ನೆನಪಿನ ತೊಂದರೆ ಇದೆ. ಬುದ್ಧಿಗೆ ಏನೂ ಆಗಿಲ್ಲ, ಆದರೆ ವೇಗ ಕಡಿಮೆಯಾಗಿದೆ. ದಯವಿಟ್ಟು ಮುಂದಿನ ಬೆಂಚಿನಲ್ಲಿ, ಕಿಟಕಿಯಿಂದ ದೂರ ಕೂರಿಸಿ. ಹೋಂವರ್ಕನ್ನು ಬೋರ್ಡಿನ ಮೇಲೆ ಬರೆದುಕೊಡಿ. ಲೆಕ್ಕ ಹತ್ತರ ಬದಲು ನಾಲ್ಕು ಕೊಡಿ. ಪರೀಕ್ಷೆಯಲ್ಲಿ ಹೆಚ್ಚು ಸಮಯ ಬೇಕಾಗಬಹುದು. ತಲೆನೋವು ಅಂದರೆ ಹದಿನೈದು ನಿಮಿಷ ಸದ್ದಿಲ್ಲದ ಕಡೆ ಮಲಗಲು ಬಿಡಿ. ಎಲ್ಲರ ಮುಂದೆ ಎಬ್ಬಿಸಿ ಹಠಾತ್ತನೆ ಪ್ರಶ್ನೆ ಕೇಳದಿರಿ." ಹೀಗೆ ಏನು ಬೇಕು ಅಂತ ಬಿಡಿಸಿ ಬರೆದರೆ ಟೀಚರಿಗೂ ಸುಲಭ. "ಸ್ವಲ್ಪ ನೋಡ್ಕೊಳ್ಳಿ" ಅಂದರೆ ಏನು ಮಾಡಬೇಕೋ ಅವರಿಗೆ ತಿಳಿಯುವುದಿಲ್ಲ, ಅಲ್ವಾ?

ತರಗತಿಯ ಮಕ್ಕಳ ಜೊತೆಗೂ ಟೀಚರ್ ಮಾತಾಡಲಿ. ಸಿಡಿಲು ಬಡಿದವರ ಮೈಯಲ್ಲಿ ಕರೆಂಟು ಉಳಿದಿರುತ್ತದೆ, ಮುಟ್ಟಿದರೆ ಶಾಕ್ ಹೊಡೆಯುತ್ತದೆ ಅನ್ನುವ ನಂಬಿಕೆ ಬಹಳ ಕಡೆ ಇದೆ. ಅದು ಪೂರ್ತಿ ಸುಳ್ಳು. ಬಡಿದ ಮರುಕ್ಷಣದಲ್ಲೂ ಮುಟ್ಟಬಹುದು, ಮುಟ್ಟಿ ಉಸಿರು ಕೊಟ್ಟೇ ಎಷ್ಟೋ ಜೀವ ಉಳಿದಿವೆ. ನಮ್ಮ ಹುಡುಗನ ಪಕ್ಕದಲ್ಲಿ ಕೂರಲು ಇಬ್ಬರು ಹಿಂಜರಿದರು. ಟೀಚರ್ ಏನೂ ಹೇಳದೆ ಅವನ ಕೈ ಹಿಡಿದುಕೊಂಡೇ ಅರ್ಧ ಪಾಠ ಮಾಡಿದರು. ಮಾರನೇ ದಿನ ಬೆಂಚು ತುಂಬಿತ್ತು.

ಕೆಲವು ತಿಂಗಳಾದರೂ ಓದು ಹಿಂದೆ ಬೀಳುತ್ತಿದ್ದರೆ, ಗಮನ, ನೆನಪು, ಯೋಚನೆಯ ವೇಗ ಅಳೆಯುವ ನ್ಯೂರೋಸೈಕಾಲಜಿ ಪರೀಕ್ಷೆ ಕೇಳಿ ಮಾಡಿಸಿ. ಸ್ಕ್ಯಾನಿನಲ್ಲಿ ಕಾಣದ್ದು ಇಲ್ಲಿ ಅಂಕಿಗಳಲ್ಲಿ ಕಾಣುತ್ತದೆ, ಶಾಲೆಗೂ ತೋರಿಸಬಹುದು. ಸಣ್ಣ ತರಗತಿಯಲ್ಲಿ ನಿಭಾಯಿಸಿದ ಮಗು, ಪಾಠ ಕಷ್ಟವಾಗುವ ದೊಡ್ಡ ತರಗತಿಗೆ ಬಂದಾಗ ಎಡವುವುದೂ ಉಂಟು. ಆಗ ಟೀಚರುಗಳು ಬೇರೆಯವರಾಗಿರುತ್ತಾರೆ, ಹಳೆಯ ಕಥೆ ಯಾರಿಗೂ ಗೊತ್ತಿರುವುದಿಲ್ಲ. ಪತ್ರದ ಒಂದು ಪ್ರತಿ ಇಟ್ಟುಕೊಂಡು ಪ್ರತಿ ವರ್ಷ ಹೊಸದಾಗಿ ಕೊಡಿ.

ಹೆಜ್ಜೆ 9: ಎಷ್ಟು ದಿನ?

ಸಾಮಾನ್ಯವಾಗಿ ಜಾಸ್ತಿ ಚೇತರಿಕೆ ಮೊದಲ ಕೆಲವು ತಿಂಗಳಲ್ಲಿ ಆಗುತ್ತದೆ, ಆಮೇಲೆ ನಿಧಾನ. ನೇರ ಗೆರೆಯ ಹಾಗೆ ಏರುವುದಿಲ್ಲ. ಜ್ವರ ಬಂದರೆ, ಪರೀಕ್ಷೆ ಹತ್ತಿರವಾದರೆ ಹಳೆಯದು ಮತ್ತೆ ತಲೆಯೆತ್ತುತ್ತದೆ, ಆಮೇಲೆ ಇಳಿಯುತ್ತದೆ. ಆದರೆ ಸುಧಾರಿಸಿಕೊಂಡಿದ್ದ ಮಗುವಿಗೆ ಹೊಚ್ಚ ಹೊಸ ತೊಂದರೆ ಶುರುವಾದರೆ ಅದನ್ನೂ ಸಿಡಿಲಿನ ಲೆಕ್ಕಕ್ಕೆ ಹಾಕಿ ಸುಮ್ಮನಾಗಬೇಡಿ, ತೋರಿಸಿ. ಎಲ್ಲ ಪೂರ್ತಿ ಹಿಂದಿನಂತಾಗದೆ, ಕೆಲವು ಮಕ್ಕಳಿಗೆ ಸ್ವಲ್ಪ ತೊಂದರೆ ಉಳಿದೇಬಿಡುತ್ತದೆ. ಅಂಥ ಮಕ್ಕಳಿಗೆ ಮೇಲೆ ಹೇಳಿದ ಚೀಟಿ, ಬಿಡುವು, ಹೆಚ್ಚು ಸಮಯ ಇವೇ ಮುಂದಕ್ಕೂ ಬೇಕು. ನೋಡಿಕೊಳ್ಳುವವರೂ ಸರದಿ ಹಾಕಿಕೊಳ್ಳಿ. ಅಕ್ಕ ಮೂರು ತಿಂಗಳು ರಾತ್ರಿ ನಿದ್ದೆಯಿಲ್ಲದೆ ಸೊರಗಿದ ಮೇಲೆ ವಾರಕ್ಕೆ ಎರಡು ರಾತ್ರಿ ನಾನು ಅವನ ಪಕ್ಕ ಮಲಗಲು ಶುರು ಮಾಡಿದೆ. ಮೊದಲೇ ಮಾಡಬೇಕಿತ್ತು.

ಹೆಜ್ಜೆ 10: ಕಣ್ಣು

ಇದನ್ನು ಕೊನೆಗೆ ಇಟ್ಟದ್ದು ಬೇಕೆಂದೇ, ಯಾಕೆಂದರೆ ಎಲ್ಲ ಮುಗಿಯಿತು ಅಂದುಕೊಂಡಾಗ ಬರುವ ತೊಂದರೆ ಇದು. ಸಿಡಿಲಿನ ನಂತರ ಕಣ್ಣಿನ ಪೊರೆ ಬರಬಹುದು, ಮಕ್ಕಳಿಗೂ. ಕೆಲವರಿಗೆ ದಿನಗಳಲ್ಲೇ ಬರುತ್ತದೆ. ಇನ್ನು ಕೆಲವರಿಗೆ ತಿಂಗಳುಗಳು, ವರ್ಷಗಳೇ ಕಳೆದ ಮೇಲೆ. ಹಾಗಾಗಿ ಶುರುವಿನಲ್ಲೇ ಒಮ್ಮೆ ಕಣ್ಣಿನ ಡಾಕ್ಟರಿಗೆ ತೋರಿಸಿ, ಆಮೇಲೆ ಅವರು ಹೇಳಿದ ಅಂತರದಲ್ಲಿ ಮತ್ತೆ ಮತ್ತೆ ತೋರಿಸಿ. ಮಂಜು ಮಂಜು ಅಂದರೆ, ದೀಪದ ಸುತ್ತ ಬಳೆ ಕಾಣುತ್ತದೆ ಅಂದರೆ, ಪುಸ್ತಕ ಮೂಗಿಗೆ ಹಿಡಿದರೆ ದಿನಾಂಕಕ್ಕೆ ಕಾಯಬೇಡಿ. ನಮ್ಮ ನೋಟ್‌ಬುಕ್ಕಿನ ಹಿಂದಿನ ರಟ್ಟಿನ ಒಳಗೆ ಕಣ್ಣಿನ ತಪಾಸಣೆಯ ತಾರೀಖುಗಳನ್ನು ಸಾಲಾಗಿ ಬರೆದಿದ್ದೇವೆ. ಮೂರಕ್ಕೆ ಗೀಟು ಬಿದ್ದಿದೆ, ಮುಂದಿನದಕ್ಕೆ ಅವನೇ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಇಟ್ಟಿದ್ದಾನೆ.